ಮಗುವಿನ ಪರವಾಗಿ

ಎರಡು ವರ್ಷಗಳ ಹಿಂದೆ ಪುಣೆಯಲ್ಲಿ ಒಂದು ಮಗುವಿನ ಮಾತನ್ನು ಕನ್ನಡದಿಂದ ಮರಾಠಿಗೆ ದಾಟಿಸಲು ನನ್ನನ್ನು ಕರೆದಿದ್ದರು. ಮಗು ಯಾರದು, ಎಲ್ಲಿ ಸಿಕ್ಕಿತು, ಆ ಕೋಣೆಗೆ ಏಕೆ ಬಂತು ಎಂಬುದನ್ನು ನಾನು ಹೇಳುವಂತಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ, ನಿಲ್ಲಲೂಬೇಕು. ಹೇಳಬಹುದಾದದ್ದು ಒಂದು ಪದದ ವಿಷಯ ಮಾತ್ರ. ಮಗು ತಾಯಿಯ ಬಳಿ ಹೋಗಬೇಕು ಎನ್ನುತ್ತಿದೆ ಎಂದು ಕಡತದಲ್ಲಿ ಮೊದಲೇ ಬರೆದಿತ್ತು. ನಾನು ಕೇಳಿದಾಗಲೂ ಮಗು ಅದನ್ನೇ ಹೇಳಿತು: ‘ಆಯಿ ಕಡೆ ಹೋಗ್ತೀನಿ.’ ನನ್ನ ಊರು ತುಮಕೂರಿನ ಕಡೆ, ಪುಣೆಯಲ್ಲಿದ್ದು ಹತ್ತು ವರ್ಷವಾಯಿತು. ಆಯಿ ಎಂದರೆ ನನ್ನ ಕಿವಿಗೂ ಮರಾಠಿಯ ಆಯಿಯೇ, ಅಂದರೆ ಅಮ್ಮನೇ. ಹಾಗೆಯೇ ದಾಟಿಸಿಬಿಟ್ಟೆ. ಅರ್ಧ ಗಂಟೆಯ ಮೇಲೆ, ಬೇರೇನೋ ಮಾತಿನ ನಡುವೆ, ಮಗು ‘ಆಯಿ ಮುತ್ಯಾ’ ಎಂದಿತು. ಮುತ್ಯಾ ಎಂದರೆ ಅಜ್ಜ. ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ಮಗು ಮೊದಲಿನಿಂದಲೂ ಅಜ್ಜಿಯ ಮನೆಯನ್ನೇ ಕೇಳುತ್ತಿತ್ತು.

ಎರಡು ಭಾಷೆಗಳಲ್ಲಿ ಒಂದೇ ರೂಪ, ಬೇರೆ ಅರ್ಥ. ಎಂ.ಎ. ಪರೀಕ್ಷೆಯಲ್ಲಿ ಇಂಥ ಪದಗಳ ಬಗ್ಗೆ ಎರಡು ಪುಟ ಉತ್ತರ ಬರೆದು ಅಂಕ ತೆಗೆದುಕೊಂಡಿದ್ದೆ. ಕಣ್ಣೆದುರು ಬಂದಾಗ ಗುರುತು ಸಿಗಲಿಲ್ಲ.

ಆ ಮಧ್ಯಾಹ್ನದ ನಂತರ ನಾನು ಓದತೊಡಗಿದ್ದು ಒಂದೇ ಪ್ರಶ್ನೆ ಹಿಡಿದು. ಮಗು ಹೇಳುವುದಕ್ಕೂ ನ್ಯಾಯಪೀಠ ಕೇಳಿಸಿಕೊಳ್ಳುವುದಕ್ಕೂ ನಡುವೆ ಯಾರಾದರೂ ಕೂತಿರಲೇಬೇಕು, ಅವರು ಯಾರು, ಅವರ ಕೈಯಲ್ಲಿ ಎಷ್ಟು ಹೊತ್ತಿರುತ್ತದೆ? ನನ್ನ ಕೈಯಲ್ಲಿ ಇದ್ದದ್ದು ಮೂರು ಗಂಟೆ. ಅಮೆರಿಕದಲ್ಲಿ ಆ ಜಾಗಕ್ಕೆಂದೇ ಸಾಮಾನ್ಯ ಜನರನ್ನು, ವಕೀಲರಲ್ಲದವರನ್ನು, ಸಂಬಳವಿಲ್ಲದೆ ನ್ಯಾಯಾಲಯವೇ ನೇಮಿಸುವ ಪದ್ಧತಿ 1977ರಿಂದ ಇದೆ. ಅವರನ್ನು ‘ಕೋರ್ಟ್ ಅಪಾಯಿಂಟೆಡ್ ಸ್ಪೆಷಲ್ ಅಡ್ವೊಕೇಟ್’ ಎನ್ನುತ್ತಾರೆ, ಚಿಕ್ಕದಾಗಿ ‘ಕಾಸಾ’. ಸ್ಪ್ಯಾನಿಷ್‌ನಲ್ಲಿ ಕಾಸಾ ಎಂದರೆ ಮನೆ. ನಮ್ಮ ಕಿವಿಗೆ ಕಾಸು ಕೇಳಿಸುತ್ತದೆ, ಆದರೆ ಈ ಕೆಲಸದಲ್ಲಿ ಅದೊಂದೇ ಇಲ್ಲ.

ಕಾನೂನಿನ ಭಾಷೆಯಲ್ಲಿ ಮಗುವಿನ ಸ್ಥಾನ ಏನಾಗಿತ್ತು ಎಂಬುದನ್ನು ಮೊದಲು ನೋಡೋಣ. ಇಂಗ್ಲಿಷಿನ ‘ಇನ್‌ಫಂಟ್’ ಲ್ಯಾಟಿನ್ನಿನ ‘ಇನ್‌ಫಾನ್ಸ್’ನಿಂದ ಬಂದದ್ದು, ಅದರ ಅರ್ಥ ‘ಮಾತಾಡದ’. ಇಂಗ್ಲೆಂಡಿನ ಹಳೆಯ ಕಾನೂನು 21 ವರ್ಷ ತುಂಬದ ಎಲ್ಲರನ್ನೂ ಆ ಪದದಿಂದಲೇ ಕರೆಯುತ್ತಿತ್ತು. ಇಪ್ಪತ್ತು ವರ್ಷದ ಯುವಕನೂ ನ್ಯಾಯಾಲಯದಲ್ಲಿ ಮಾತಾಡದವನೇ. ಅವನ ಹೆಸರಿನಲ್ಲಿ ದಾವೆ ನಡೆಯಬೇಕಾದರೆ ಆ ದಾವೆಯ ಮಟ್ಟಿಗೆ ಒಬ್ಬ ಪೋಷಕ ಬೇಕು, ಅವನೇ ‘ಗಾರ್ಡಿಯನ್ ಆಡ್ ಲೈಟೆಮ್’. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಲ್ಲೂ ಈ ಏರ್ಪಾಡು ಇದೆ. ಅಲ್ಲಿ ಅಪ್ರಾಪ್ತರ ಪರವಾಗಿ ದಾವೆ ಹೂಡುವವನಿಗೆ ‘ನೆಕ್ಸ್ಟ್ ಫ್ರೆಂಡ್’ ಎಂಬ ಹೆಸರು. ಹಿಂದಿ ಪಾಠ ಅದನ್ನು ‘ವಾದಮಿತ್ರ’ ಮಾಡಿಕೊಂಡಿದೆ, ಚಂದದ ಪದ. ಆದರೆ ಈ ಏರ್ಪಾಡು ಹುಟ್ಟಿದ್ದು ಮುಖ್ಯವಾಗಿ ಆಸ್ತಿಯ ವ್ಯಾಜ್ಯಗಳಿಗಾಗಿ. ಹೊಲ, ಮನೆ, ಪಾಲು ಇದ್ದ ಮಗುವಿಗೆ ಮಿತ್ರರು ಸಿಗುತ್ತಿದ್ದರು. ಹೊಡೆತ ತಿನ್ನುತ್ತಿದ್ದ ಮಗುವಿಗೆ ದಾವೆಯೇ ಇರಲಿಲ್ಲ.

ಅಂಥ ಒಂದು ಮಗು 1874ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಬಂತು. ಹೆಸರು ಮೇರಿ ಎಲೆನ್ ವಿಲ್ಸನ್, ವಯಸ್ಸು ಹತ್ತು. ಎಟ್ಟಾ ವೀಲರ್ ಎಂಬ ಮಿಷನ್ ಕಾರ್ಯಕರ್ತೆ ಆ ಹುಡುಗಿಯ ಸ್ಥಿತಿಯನ್ನು ಕಂಡು ತಿಂಗಳುಗಟ್ಟಲೆ ಅಲೆದಿದ್ದರು. ಪೊಲೀಸರು, ಧರ್ಮಸಂಸ್ಥೆಗಳು, ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅವರು ಹೋದದ್ದು ಪ್ರಾಣಿಹಿಂಸೆ ತಡೆ ಸಂಘದ ಸ್ಥಾಪಕ ಹೆನ್ರಿ ಬರ್ಗ್ ಹತ್ತಿರ. ಮಗುವೂ ಒಂದು ಪ್ರಾಣಿಯೇ ಎಂದು ವಾದಿಸಿ ಪ್ರಾಣಿಗಳ ಕಾನೂನಿನಲ್ಲಿ ಅವಳನ್ನು ಬಿಡಿಸಿದರು ಎಂಬ ಕತೆ ಇಂದಿಗೂ ಓಡಾಡುತ್ತಿದೆ. ಅದು ನಿಜವಲ್ಲ. ಬರ್ಗ್ ಅವರ ವಕೀಲ ಎಲ್‌ಬ್ರಿಜ್ ಗೆರ್ರಿ ಬಳಸಿದ್ದು ಅಕ್ರಮ ಬಂಧನದಲ್ಲಿರುವ ಮನುಷ್ಯರನ್ನು ಹಾಜರುಪಡಿಸುವ ಹೇಬಿಯಸ್ ಕಾರ್ಪಸ್ ಮಾದರಿಯ ವಾರಂಟನ್ನು.

ಆ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಅಲ್ಲಿ ಮಗು ಸ್ವತಃ ಮಾತಾಡಿತು. ತನ್ನ ವಯಸ್ಸು ತನಗೆ ಗೊತ್ತಿಲ್ಲ, ಸಾಕುತಾಯಿ ಹೆಚ್ಚುಕಡಿಮೆ ದಿನವೂ ಚಾವಟಿಯಿಂದ ಹೊಡೆಯುತ್ತಿದ್ದಳು, ತನಗೆ ಯಾರೂ ಎಂದೂ ಮುತ್ತಿಟ್ಟ ನೆನಪಿಲ್ಲ, ಇನ್ನು ಅಲ್ಲಿಗೆ ಹೋಗಲು ಇಷ್ಟವಿಲ್ಲ ಎಂದು ಅವಳು ಹೇಳಿದ್ದು ದಾಖಲಾಗಿದೆ. ಸಾಕುತಾಯಿಗೆ ಒಂದು ವರ್ಷದ ಶಿಕ್ಷೆಯಾಯಿತು. ಮೇರಿ ಎಲೆನ್ ವೀಲರ್ ಅವರ ಕುಟುಂಬದವರ ಬಳಿ ಬೆಳೆದು, ಮದುವೆಯಾಗಿ, ಮಕ್ಕಳನ್ನು ಸಾಕಿ, 1956ರವರೆಗೆ ಬದುಕಿದರು. ಅದೇ 1874ರ ಕೊನೆಗೆ ನ್ಯೂಯಾರ್ಕಿನಲ್ಲಿ ಮಕ್ಕಳ ಮೇಲಿನ ಹಿಂಸೆ ತಡೆಯುವ ಸಂಘ ಹುಟ್ಟಿತು.

ಇದನ್ನು ಓದಿ ಅಮೆರಿಕ ಅಂದಿನಿಂದ ಮಕ್ಕಳ ಮಾತು ಕೇಳತೊಡಗಿತು ಎಂದುಕೊಂಡರೆ ತಪ್ಪು. ಅದೇ ಊರಿನಿಂದ, ಅದೇ ಕಾಲದಲ್ಲಿ, ರೈಲುಗಟ್ಟಲೆ ಮಕ್ಕಳನ್ನು ಪಶ್ಚಿಮದ ಹಳ್ಳಿಗಳಿಗೆ ಸಾಗಿಸುತ್ತಿದ್ದರು. ಚಾರ್ಲ್ಸ್ ಲೋರಿಂಗ್ ಬ್ರೇಸ್ ಸ್ಥಾಪಿಸಿದ ಮಕ್ಕಳ ನೆರವು ಸಂಘ 1854ರಲ್ಲಿ ಆರಂಭಿಸಿದ ಈ ಪದ್ಧತಿ 1929ರವರೆಗೆ ನಡೆದು, ಎರಡು ಲಕ್ಷದಷ್ಟು ಮಕ್ಕಳು ಹಾಗೆ ಹೋದರು. ಊರಿನ ಸಭಾಂಗಣದಲ್ಲೋ ಚರ್ಚಿನಲ್ಲೋ ಸಾಲಾಗಿ ನಿಲ್ಲಿಸುತ್ತಿದ್ದರು, ಬಂದವರು ಆರಿಸಿಕೊಂಡು ಕರೆದೊಯ್ಯುತ್ತಿದ್ದರು. ಅನಾಥರ ರೈಲು ಎಂದು ಹೆಸರಾದರೂ ಆ ಮಕ್ಕಳಲ್ಲಿ ಎಷ್ಟೋ ಜನಕ್ಕೆ ತಂದೆಯೋ ತಾಯಿಯೋ ಇದ್ದರು. ಇಂದಿನ ಫಾಸ್ಟರ್ ಕೇರ್, ಅಂದರೆ ಸರ್ಕಾರದ ವಶಕ್ಕೆ ಬಂದ ಮಗುವನ್ನು ಬೇರೆ ಕುಟುಂಬದಲ್ಲಿ ಸಾಕುವ ವ್ಯವಸ್ಥೆ, ತನ್ನ ವಂಶಾವಳಿಯಲ್ಲಿ ಈ ರೈಲುಗಳನ್ನೂ ಲೆಕ್ಕ ಹಿಡಿಯುತ್ತದೆ.

1899ರಲ್ಲಿ ಷಿಕಾಗೋದಲ್ಲಿ ಮೊದಲ ಬಾಲನ್ಯಾಯಾಲಯ ಬಂತು. ಅಲ್ಲಿನ ನ್ಯಾಯಾಧೀಶ ತಂದೆಯಂತೆ ಮಗುವಿನ ಹಿತ ನೋಡುತ್ತಾರೆ, ಆದ್ದರಿಂದ ವಕೀಲರ ಅಗತ್ಯವಿಲ್ಲ ಎಂಬುದು ಅದರ ಹಿಂದಿದ್ದ ನಂಬಿಕೆ. ಅದು ಅರವತ್ತೆಂಟು ವರ್ಷ ಬಾಳಿತು. ಅರಿಜೋನದ ಜೆರಾಲ್ಡ್ ಗಾಲ್ಟ್ ಎಂಬ ಹದಿನೈದರ ಹುಡುಗ ಪಕ್ಕದ ಮನೆಯವರಿಗೆ ಅಸಭ್ಯ ಫೋನ್ ಮಾಡಿದನೆಂದು ಇಪ್ಪತ್ತೊಂದು ತುಂಬುವವರೆಗೆ ಸುಧಾರಣಾ ಶಾಲೆಗೆ ಹೋಗಬೇಕಾಯಿತು. ದೊಡ್ಡವರು ಅದೇ ತಪ್ಪು ಮಾಡಿದ್ದರೆ ಐವತ್ತು ಡಾಲರ್ ದಂಡ, ಹೆಚ್ಚೆಂದರೆ ಎರಡು ತಿಂಗಳು ಜೈಲು. 1967ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿ, ಅಪರಾಧದ ಆರೋಪ ಹೊತ್ತ ಮಕ್ಕಳಿಗೂ ವಕೀಲರ ಹಕ್ಕಿದೆ ಎಂದಿತು. ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಯಿತು. ಕಲ್ಲು ಎಸೆದು ಕಿಟಕಿ ಒಡೆದ ಹುಡುಗನಿಗೆ ವಕೀಲರು ಸಿಕ್ಕರು. ಅಪ್ಪನ ಕೈಯಲ್ಲಿ ಮೂಳೆ ಮುರಿಸಿಕೊಂಡ ಹುಡುಗನಿಗೆ ಸಿಗಲಿಲ್ಲ. ಅವನ ಪ್ರಕರಣದಲ್ಲಿ ಸರ್ಕಾರದ ವಕೀಲರು ಇರುತ್ತಿದ್ದರು, ಹಲವೆಡೆ ಅಪ್ಪ ಅಮ್ಮನಿಗೂ ಇರುತ್ತಿದ್ದರು.

ಅಷ್ಟರಲ್ಲಿ ಇಂಥ ಪ್ರಕರಣಗಳ ಸಂಖ್ಯೆಯೂ ಏರಿತ್ತು. 1962ರಲ್ಲಿ ಡಾ. ಹೆನ್ರಿ ಕೆಂಪ್ ಮತ್ತು ಸಂಗಡಿಗರು ಪೆಟ್ಟು ತಿಂದ ಮಕ್ಕಳ ಬಗ್ಗೆ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನ ದೇಶವನ್ನು ಬೆಚ್ಚಿಬೀಳಿಸಿತು. ಐದೇ ವರ್ಷಗಳಲ್ಲಿ ಎಲ್ಲ ರಾಜ್ಯಗಳೂ ವೈದ್ಯರು ಇಂಥ ಗಾಯಗಳನ್ನು ಕಂಡರೆ ವರದಿ ಮಾಡಲೇಬೇಕು ಎಂಬ ಕಾನೂನು ತಂದವು. 1974ರ ಜನವರಿಯಲ್ಲಿ ಕೇಂದ್ರದ ಕಾಯ್ದೆ ಬಂತು: ಅನುದಾನ ಬೇಕಾದ ರಾಜ್ಯಗಳು ನ್ಯಾಯಾಲಯಕ್ಕೆ ಬರುವ ಪ್ರತಿ ಹಿಂಸೆ, ನಿರ್ಲಕ್ಷ್ಯದ ಪ್ರಕರಣದಲ್ಲೂ ಮಗುವಿಗೊಬ್ಬ ‘ಗಾರ್ಡಿಯನ್ ಆಡ್ ಲೈಟೆಮ್’ ನೇಮಿಸಬೇಕು. ಆ ವ್ಯಕ್ತಿ ಯಾರು, ಯಾವ ತರಬೇತಿ, ಸಂಬಳ ಕೊಡುವವರು ಯಾರು, ಈ ವಿವರಗಳಿಗೆ ಕಾಯ್ದೆ ಕೈ ಹಾಕಲಿಲ್ಲ. ಆಳು ಗೊತ್ತು ಮಾಡದೆ ಕೆಲಸ ಹಚ್ಚಿದಂತಾಯಿತು.

ಸಿಯಾಟಲ್ ಊರು ಬರುವುದು ಇಲ್ಲಿ. ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯ ಮೇಲಿನ ನ್ಯಾಯಾಲಯದಲ್ಲಿ ಡೇವಿಡ್ ಸೌಕಪ್ ಎಂಬವರು ಮಕ್ಕಳ ಪ್ರಕರಣಗಳ ನ್ಯಾಯಾಧೀಶರು. ಮಗುವನ್ನು ಹೆತ್ತವರಿಂದ ಬೇರ್ಪಡಿಸಬೇಕೆ, ಮರಳಿಸಬೇಕೆ, ಶಾಶ್ವತವಾಗಿ ಸಂಬಂಧ ಕಡಿಯಬೇಕೆ ಎಂದು ಅವರು ದಿನವೂ ತೀರ್ಮಾನಿಸಬೇಕಿತ್ತು. ಮುಂದೆ ಇರುತ್ತಿದ್ದುದು ಇಲಾಖೆಯ ವರದಿ, ತಂದೆತಾಯಿಯ ಹೇಳಿಕೆ. ಮಗುವನ್ನು ಮಾತ್ರ ನೋಡಿ ಬಂದು ಹೇಳುವವರು ಇಲ್ಲ. ರಾತ್ರಿ ಮನೆಯಲ್ಲಿ ಮಲಗಿದಾಗ, ತಾನು ಇಂದು ಕೊಟ್ಟ ತೀರ್ಪು ಆ ಮಗುವಿಗೆ ಒಳ್ಳೆಯದೇ ಕೆಟ್ಟದ್ದೇ ಎಂದು ನಿದ್ದೆ ಬಾರದೆ ಹೊರಳುತ್ತಿದ್ದುದಾಗಿ ಅವರೇ ನಂತರ ಹೇಳಿಕೊಂಡಿದ್ದಾರೆ. ಹಿಂಸೆಗೆ ಒಳಗಾದ ಮೂರು ವರ್ಷದ ಒಂದು ಹೆಣ್ಣುಮಗುವಿನ ಪ್ರಕರಣ ಅವರನ್ನು ವಿಶೇಷವಾಗಿ ಕಾಡಿತಂತೆ.

1976ರಲ್ಲಿ ಅವರು ತಮ್ಮ ಕಚೇರಿಯ ಸಿಬ್ಬಂದಿಗೆ ಒಂದು ಕೆಲಸ ಹೇಳಿದರು. ವಕೀಲರಲ್ಲದ, ಆದರೆ ಮಕ್ಕಳ ಬಗ್ಗೆ ಕಾಳಜಿ ಇರುವ ಕೆಲವರನ್ನು ಫೋನ್ ಮಾಡಿ ಕರೆಯಿರಿ, ಮಧ್ಯಾಹ್ನದ ಬುತ್ತಿ ಅವರವರೇ ತರಲಿ, ಕೂತು ಮಾತಾಡೋಣ. ನಾಲ್ಕೈದು ಜನ ಬಂದಾರು ಎಂದುಕೊಂಡಿದ್ದರು. ಊಟದ ಹೊತ್ತಿಗೆ ಹೋಗಿ ನೋಡಿದರೆ ಐವತ್ತು ಜನ. 1977ರ ಜನವರಿಯಲ್ಲಿ ಕಾರ್ಯಕ್ರಮ ಶುರುವಾಯಿತು. ಮೊದಲ ವರ್ಷ 110 ಸ್ವಯಂಸೇವಕರು 376 ಪ್ರಕರಣಗಳಲ್ಲಿ 498 ಮಕ್ಕಳಿಗಾಗಿ ಕೆಲಸ ಮಾಡಿದರು. ಮಾರನೇ ವರ್ಷವೇ ರಾಜ್ಯ ನ್ಯಾಯಾಲಯಗಳ ರಾಷ್ಟ್ರೀಯ ಕೇಂದ್ರ ಇದನ್ನು ಬಾಲನ್ಯಾಯದಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಗೆ ದೇಶದ ಅತ್ಯುತ್ತಮ ಉದಾಹರಣೆ ಎಂದು ಆರಿಸಿತು. 1982ರಲ್ಲಿ ರಾಷ್ಟ್ರೀಯ ಸಂಘ, 1990ರಲ್ಲಿ ಕೇಂದ್ರ ಕಾನೂನಿನ ಬೆಂಬಲ. ಇಂದು ಒಂದು ರಾಜ್ಯ ಬಿಟ್ಟು ಉಳಿದೆಡೆಯೆಲ್ಲ, ಒಂಬೈನೂರಕ್ಕೂ ಹೆಚ್ಚು ಕಾರ್ಯಕ್ರಮಗಳಾಗಿ ಇದು ಹರಡಿದೆ.

ಐವತ್ತು ಜನ ಬಂದದ್ದಕ್ಕಿಂತ ಅವರಿಗೆ ಏನು ಕೆಲಸ ಕೊಟ್ಟರು ಎಂಬುದೇ ನನಗೆ ಹೆಚ್ಚು ಕುತೂಹಲದ ವಿಷಯ. ಅಮೆರಿಕದ ಇಲಾಖೆಯ ಸಮಾಜ ಕಾರ್ಯಕರ್ತರ ಹೆಗಲ ಮೇಲೆ ಹತ್ತಾರು ಮಕ್ಕಳ ಕಡತಗಳಿರುತ್ತವೆ, ಅವರು ಬದಲಾಗುತ್ತಲೂ ಇರುತ್ತಾರೆ. ಕಾಸಾ ಸ್ವಯಂಸೇವಕರಿಗೆ ಸಾಮಾನ್ಯವಾಗಿ ಒಂದೋ ಎರಡೋ ಪ್ರಕರಣ, ಪ್ರಕರಣ ಮುಗಿಯುವವರೆಗೂ ಅವರೇ. ಮೊದಲು ಹಿನ್ನೆಲೆ ತಪಾಸಣೆ, ಮೂವತ್ತು ಗಂಟೆ ತರಬೇತಿ, ಆಮೇಲೆ ನ್ಯಾಯಾಧೀಶರ ನೇಮಕಾತಿ ಆದೇಶ. ಆ ಆದೇಶ ಹಿಡಿದು ಅವರು ಶಾಲೆಗೆ ಹೋಗಿ ಟೀಚರನ್ನು ಕಾಣಬಹುದು, ವೈದ್ಯರ ದಾಖಲೆ ನೋಡಬಹುದು, ಅಜ್ಜ ಅಜ್ಜಿಯರನ್ನು ಹುಡುಕಿ ಮಾತಾಡಿಸಬಹುದು. ತಿಂಗಳಿಗೊಮ್ಮೆಯಾದರೂ ಮಗುವನ್ನು ಕಣ್ಣಾರೆ ನೋಡಬೇಕು. ಪ್ರತಿ ವಿಚಾರಣೆಗೂ ಮುಂಚೆ ವರದಿ ಬರೆದು ಸಲ್ಲಿಸಬೇಕು. ಮಗುವನ್ನು ತಮ್ಮ ಮನೆಗೆ ಕರೆದುಕೊಂಡು ಹೋಗುವಂತಿಲ್ಲ, ಹಣ ಕೊಡುವಂತಿಲ್ಲ, ದುಬಾರಿ ಉಡುಗೊರೆ ತರುವಂತಿಲ್ಲ. ಅನುಕಂಪದಿಂದ ಬಂದವರಿಗೆ ಈ ಕೊನೆಯ ನಿಯಮಗಳೇ ಕಷ್ಟ ಎಂದು ಊಹಿಸಬಲ್ಲೆ. ಮಗುವಿನ ಬದುಕಿನಲ್ಲಿ ಇನ್ನೊಂದು ಮಾವಶಿ, ಇನ್ನೊಂದು ಅತ್ತೆಯಾಗಲು ಅವರನ್ನು ಕಳಿಸುವುದಿಲ್ಲ. ನೋಡಿ, ಕೇಳಿ, ಬರೆದು ಕೊಡಲು ಕಳಿಸುತ್ತಾರೆ.

ಏನನ್ನು ಬರೆದು ಕೊಡಬೇಕು? ಇಷ್ಟು ವರ್ಷಗಳ ಜಗಳವೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಕನ್ನಡಕ್ಕೆ ತಂದುಕೊಳ್ಳಲು ಹೋದಾಗಲೇ ಅದು ನನಗೆ ಸರಿಯಾಗಿ ಕಾಣಿಸಿದ್ದು. ‘ಮಗುವಿನ ಪರವಾಗಿ ಮಾತಾಡುವವರು’ ಎಂದು ಬರೆದೆ. ವಕೀಲರು ಕಕ್ಷಿದಾರರ ಪರವಾಗಿ ವಾದಿಸಿದರು ಎನ್ನುವಾಗ ಕಕ್ಷಿದಾರರು ಹೇಳಬೇಕಾದದ್ದನ್ನು ಅವರ ಬದಲಿಗೆ ಹೇಳಿದರು ಎಂದರ್ಥ. ತೀರ್ಪು ಅವರ ಪರವಾಗಿ ಬಂತು ಎನ್ನುವಾಗ ಅವರಿಗೆ ಅನುಕೂಲವಾಯಿತು ಎಂದರ್ಥ. ಹನ್ನೊಂದು ವರ್ಷದ ಹುಡುಗಿ, ಅಮ್ಮ ಕುಡಿದರೂ ಪರವಾಗಿಲ್ಲ, ನಾನು ಅಲ್ಲಿಗೇ ಹೋಗಬೇಕು ಎನ್ನುತ್ತಾಳೆ ಎಂದುಕೊಳ್ಳಿ. ಅವಳ ಪರವಾಗಿ ಮಾತಾಡುವುದು ಎಂದರೆ ಅವಳು ಕೇಳಿದ್ದನ್ನು ಕೇಳುವುದೇ, ಅವಳಿಗೆ ಒಳ್ಳೆಯದೆಂದು ತೋರಿದ್ದನ್ನು ಕೇಳುವುದೇ? ವಕೀಲರು ಮೊದಲನೆಯದನ್ನು ಮಾಡುತ್ತಾರೆ. ಕಾಸಾ ಮಾಡುವುದು ಎರಡನೆಯದನ್ನು. 1996ರ ತಿದ್ದುಪಡಿಯೂ ಅದನ್ನೇ ಸ್ಪಷ್ಟವಾಗಿ ಬರೆಯಿತು: ಮಗುವಿನ ಸ್ಥಿತಿಯನ್ನು ತಾವೇ ಕಂಡು ತಿಳಿದು, ಅದರ ಹಿತ ಯಾವುದರಲ್ಲಿದೆ ಎಂದು ನ್ಯಾಯಾಲಯಕ್ಕೆ ಶಿಫಾರಸು ಮಾಡಬೇಕು. ಮಗುವಿನ ಇಚ್ಛೆ ಶಿಫಾರಸಿಗೆ ವಿರುದ್ಧವಿದ್ದರೂ ಅದನ್ನು ನ್ಯಾಯಾಧೀಶರಿಗೆ ತಿಳಿಸಬೇಕು ಎಂಬ ನಿಯಮ ಇದೆ. ನಮ್ಮ ‘ಅಂತೆ’ಯ ಹಾಗೆ: ಮನೆಗೆ ಹೋಗಬೇಕಂತೆ. ಆದರೆ ‘ಅಂತೆ’ ಹಚ್ಚಿದ ಮಾತಿನ ತೂಕ ಎಷ್ಟು ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಹಿತ ಯಾವುದು ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಆ ದೇಶದಲ್ಲಿ ಬಣ್ಣದ ಪ್ರಶ್ನೆಯೂ ಹೌದು. ಫಾಸ್ಟರ್ ಕೇರ್‌ನಲ್ಲಿ ಕಪ್ಪು ಮಕ್ಕಳ ಪಾಲು ಜನಸಂಖ್ಯೆಯಲ್ಲಿನ ಅವರ ಪಾಲಿಗಿಂತ ಹೆಚ್ಚು. ಸ್ವಯಂಸೇವಕರಲ್ಲಿ ಹೆಚ್ಚಿನವರು ಬಿಳಿಯ ಮಹಿಳೆಯರು, ಬಿಡುವಿನ ಹೊತ್ತು ಇರುವವರು. ಒಂದೇ ಹಾಸಿಗೆಯಲ್ಲಿ ಮೂವರು ಮಕ್ಕಳು ಮಲಗುವ ಮನೆ ಅವರಿಗೆ ಬಡತನವಾಗಿ ಕಾಣುತ್ತದೋ ನಿರ್ಲಕ್ಷ್ಯವಾಗಿ ಕಾಣುತ್ತದೋ? 2016ರಲ್ಲಿ ಏಮಿ ಮುಲ್ಜರ್ ಮತ್ತು ತಾರಾ ಉರ್ಸ್ ಎಂಬ ಇಬ್ಬರು ವಕೀಲರು ಇದನ್ನೇ ಹಿಡಿದು, ಸದುದ್ದೇಶವಿದ್ದರೂ ಈ ವ್ಯವಸ್ಥೆಯಲ್ಲಿ ಜನಾಂಗೀಯ ಅಸಮಾನತೆ ಹೆಣೆದುಕೊಂಡಿದೆ ಎಂದು ಕಟುವಾಗಿ ಬರೆದರು. ಮೂಲನಿವಾಸಿಗಳಿಗೆ ಈ ಅನುಭವ ಹಳೆಯದು. ಅವರ ಮಕ್ಕಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ‘ಹಿತ’ದ ಹೆಸರಿನಲ್ಲಿ ಮನೆಯಿಂದ ದೂರವಾಗಿದೆ ಎಂದು ಸಮೀಕ್ಷೆಗಳು ತೋರಿಸಿದ ಮೇಲೆಯೇ 1978ರಲ್ಲಿ ಅದನ್ನು ತಡೆಯುವ ಕಾಯ್ದೆ ಬಂದದ್ದು. ಸಿಯಾಟಲ್‌ನ ಪ್ರಯೋಗಕ್ಕೆ ಆಗ ಒಂದು ವರ್ಷ ವಯಸ್ಸು.

ಅಂಕಿ ಅಂಶಗಳೂ ಅಷ್ಟು ಸಿಹಿಯಾಗಿಲ್ಲ. ಟೆಕ್ಸಾಸ್‌ನ ಮೂವತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ ಸಿಂಥಿಯಾ ಆಸ್ಬೋರ್ನ್ ಮತ್ತು ಸಂಗಡಿಗರು 2019ರ ಹೊತ್ತಿಗೆ ಪ್ರಕಟಿಸಿದ ಅಧ್ಯಯನದಲ್ಲಿ, ಕಾಸಾ ನೇಮಕವಾದ ಮಕ್ಕಳು ಹೆತ್ತವರ ಬಳಿಗೆ ಮರಳುವ ಸಾಧ್ಯತೆ ಕಡಿಮೆ, ಬಂಧುಗಳ ಶಾಶ್ವತ ಪಾಲನೆಗೆ ಹೋಗುವ ಸಾಧ್ಯತೆಯೂ ಕಡಿಮೆ ಎಂದು ಕಂಡುಬಂತು. ಹೆಚ್ಚು ಕಠಿಣ ಪ್ರಕರಣಗಳಿಗೇ ಸ್ವಯಂಸೇವಕರನ್ನು ನೇಮಿಸುವುದರಿಂದ ಹೀಗಾಗುತ್ತದೆ ಎನ್ನುವ ಉತ್ತರ ಕೇಳಿಬರುತ್ತದೆ. ಅದರಲ್ಲಿ ಹುರುಳಿದೆ. ಆದರೆ ಸಂಶೋಧಕರು ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಯತ್ನಿಸಿಯೇ ಈ ಮಾತು ಹೇಳಿದ್ದು. ಬಂಧುಗಳ ಸಂಗತಿ ಓದುವಾಗ ನನಗೆ ಆಯಿ ನೆನಪಾಗದೆ ಇರಲಿಲ್ಲ.

ಇನ್ನೊಂದು ದಾರಿಯೂ ತೆರೆದುಕೊಂಡಿದೆ. 2005ರಲ್ಲಿ ಜಾರ್ಜಿಯಾದ ಎರಡು ಕೌಂಟಿಗಳ ಮಕ್ಕಳು ಹೂಡಿದ್ದ ದಾವೆಯಲ್ಲಿ ಕೇಂದ್ರ ನ್ಯಾಯಾಲಯದ ನ್ಯಾಯಾಧೀಶರೊಬ್ಬರು, ಹೆತ್ತವರಿಂದ ಬೇರ್ಪಡುವ ಪ್ರಕರಣದಲ್ಲಿ ಮಗುವಿಗೆ ವಕೀಲರ ಹಕ್ಕಿದೆ ಎಂದು ತೀರ್ಪು ಕೊಟ್ಟರು. 2021ರಲ್ಲಿ ವಾಷಿಂಗ್ಟನ್ ರಾಜ್ಯ, ಕಾಸಾ ಹುಟ್ಟಿದ ರಾಜ್ಯವೇ, ಎಂಟು ವರ್ಷ ದಾಟಿದ ಮಕ್ಕಳಿಗೆ ಇಂಥ ಪ್ರಕರಣಗಳಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವ ಕಾನೂನು ಮಾಡಿತು, ಕೌಂಟಿಯಿಂದ ಕೌಂಟಿಗೆ ಹಂತಹಂತವಾಗಿ. ಇದನ್ನು ಸೌಕಪ್ ಅವರ ಸೋಲು ಎಂದು ಓದುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಮಗು ಹೇಳಿದ್ದನ್ನು ಹೇಳಲು ಒಬ್ಬರು, ಮಗುವಿನ ಶಾಲೆ, ಹಲ್ಲುನೋವು, ಅಜ್ಜಿಯ ಊರು ಎಲ್ಲ ಗೊತ್ತಿರುವ ಇನ್ನೊಬ್ಬರು, ಇಬ್ಬರೂ ಇದ್ದರೆ ಹೆಚ್ಚಾಯಿತು ಎನ್ನಲಾಗದು. 2023ರ ಸೆಪ್ಟೆಂಬರ್ ಕೊನೆಗೆ ಅಲ್ಲಿ ಸುಮಾರು 3.4 ಲಕ್ಷ ಮಕ್ಕಳು ಫಾಸ್ಟರ್ ಕೇರ್‌ನಲ್ಲಿದ್ದರು. ಎಷ್ಟೋ ಮಕ್ಕಳಿಗೆ ಇಂದಿಗೂ ಇಬ್ಬರಲ್ಲಿ ಒಬ್ಬರೂ ಸರಿಯಾಗಿ ಸಿಗುವುದಿಲ್ಲ.

ನಮ್ಮಲ್ಲಿ ಇದೇ ಕೆಲಸ ಬೇರೆ ಬೇರೆ ಕೈಗಳಲ್ಲಿ ಹಂಚಿಹೋಗಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ರಕ್ಷಣೆ ಬೇಕಾದ ಮಗು ಬರುವುದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು. ಮಗುವಿನ ಮಾತು ಕೇಳಬೇಕು ಎಂಬುದು ಕಾಯ್ದೆಯ ಮೂಲ ತತ್ವಗಳಲ್ಲಿ ಒಂದು. ಫಾಸ್ಟರ್ ಕೇರ್‌ಗೆ 44ನೇ ಸೆಕ್ಷನ್ ಇದೆ. ಕಾಸಾಗೆ ತುಸು ಹತ್ತಿರ ಬರುವುದು ಪೋಕ್ಸೊ ನಿಯಮಗಳ ‘ಸಪೋರ್ಟ್ ಪರ್ಸನ್’: ಲೈಂಗಿಕ ಅಪರಾಧಕ್ಕೆ ಗುರಿಯಾದ ಮಗುವಿನ ಜತೆ ತನಿಖೆ, ವಿಚಾರಣೆಯುದ್ದಕ್ಕೂ ಇರಲು ಸಮಿತಿ ಒದಗಿಸುವ ವ್ಯಕ್ತಿ. ಅವರ ಕೆಲಸ ಮಗುವಿಗೆ ಒತ್ತಾಸೆಯಾಗಿ ನಿಲ್ಲುವುದು; ಮಗು ಎಲ್ಲಿ ಬೆಳೆಯಬೇಕು ಎಂದು ಶಿಫಾರಸು ಮಾಡುವುದು ಅವರದಲ್ಲ. ಅದೇ ಪೋಕ್ಸೊ ಕಾಯ್ದೆಯಲ್ಲಿ, ಮಗುವಿನ ಹೇಳಿಕೆ ಪಡೆಯಲು ಅನುವಾದಕರ ನೆರವು ಪಡೆಯಬಹುದು ಎಂದೂ ಇದೆ. ಮುಂಬೈ, ಪುಣೆ, ಹೈದರಾಬಾದ್ ಸ್ಟೇಷನ್‌ಗಳಲ್ಲಿ ಇಳಿಯುವ ನಮ್ಮ ಕಡೆಯ ಮಕ್ಕಳಿಗೆ ಆ ಒಂದು ಸಾಲು ಎಷ್ಟು ದೊಡ್ಡದು ಎಂದು ಈ ಪತ್ರ ಓದುವ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ.

ಆ ಮಧ್ಯಾಹ್ನ ನಾನು ಕೈ ಎತ್ತಿ, ಮೊದಲು ಹೇಳಿದ್ದು ತಪ್ಪಾಯಿತು ಎಂದೆ. ಎದುರಿಗಿದ್ದವರು ಬೇಸರಿಸಲಿಲ್ಲ. ನಿಮ್ಮ ಆಯಿ ಎಂದರೆ ಆಜಿಯಾ, ಎಂದು ನಕ್ಕು, ಮಗುವನ್ನು ಇನ್ನೊಮ್ಮೆ ಕೇಳುವಂತೆ ಹೇಳಿದರು. ಕೇಳಿದೆ. ಮಗು ಊರಿನ ಹೆಸರು ಹೇಳಿತು, ಮನೆ ಮುಂದಿನ ಬೇವಿನ ಮರ ಹೇಳಿತು, ಮುತ್ಯಾನ ಒಂದು ಕಣ್ಣು ಕಾಣುವುದಿಲ್ಲ ಎಂದೂ ಹೇಳಿತು. ಕಡತದಲ್ಲಿ ‘ತಾಯಿ’ ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಅಜ್ಜಿ’ ಎಂದು ಬರೆದು, ಸಹಿ ಹಾಕಿದರು. ನನ್ನಿಂದಲೂ ಹಾಕಿಸಿಕೊಂಡರು. ಐದು ಗಂಟೆಗೆ ನನ್ನ ಕೆಲಸ ಮುಗಿಯಿತು. ಆ ಊರಿಗೆ ಯಾರಾದರೂ ಹೋಗಿ ಬೇವಿನ ಮರದ ಮನೆಯನ್ನು ಹುಡುಕಿದರೇ, ಅಜ್ಜಿ ಸಿಕ್ಕಳೇ ಎಂಬುದು ನನಗೆ ತಿಳಿಯಲಿಲ್ಲ. ಅನುವಾದಕರಿಗೆ ಅದನ್ನು ಹೇಳುವ ಪದ್ಧತಿ ಇಲ್ಲ.